ಬಾವುಟ ಎತ್ತುವ ಮೊದಲು ರೆಫರಿಯ ಮುಖ ನೋಡಬೇಡಿ

ನಿನ್ನೆ ರಾತ್ರಿ ಕಾರವಾರದಲ್ಲಿ ಹೊನಲು ಬೆಳಕಿನ ವಾಲಿಬಾಲ್ ಪಂದ್ಯ ನೋಡಿ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ. ಐದನೇ ಸೆಟ್, 13-13. ಸ್ಮ್ಯಾಶ್ ಹಿಂದಿನ ಗೆರೆಯ ಮೂಲೆಗೆ ಬಿತ್ತು. ಚೆಂಡು ಒಳಗೋ ಹೊರಗೋ ಎಂದು ಬಾವುಟದಿಂದ ತೋರಿಸಲು ಅಲ್ಲೇ ನಿಂತಿದ್ದ ಲೈನ್‌ಮನ್ ರೆಫರಿಯ ಮುಖ ನೋಡಿದ. ರೆಫರಿ ಅವನ ಬಾವುಟಕ್ಕಾಗಿ ಕಾಯುತ್ತಿದ್ದರು! ಅಷ್ಟರಲ್ಲಿ ಎರಡೂ ತಂಡದವರು ಜಗಳಕ್ಕೆ ನಿಂತಾಗಿತ್ತು. ಆಮೇಲೆ ಎತ್ತಿದ ಬಾವುಟವನ್ನು ಯಾರು ನಂಬುತ್ತಾರೆ? ಬೈಗುಳವೆಲ್ಲ ರೆಫರಿಯ ಪಾಲಿಗೆ.

ನಾನೂ ರೆಫರಿಯಾಗಿ ನೆಟ್ ಪಕ್ಕದ ಆ ಎತ್ತರದ ಸ್ಟ್ಯಾಂಡ್ ಮೇಲೆ ನಿಂತವನು. ಅಲ್ಲಿಂದ ಎದುರಿನ ಮೂಲೆ ಹನ್ನೆರಡು ಮೀಟರಿಗಿಂತ ದೂರ. ಗೆರೆಯ ಅಗಲ 5 ಸೆಂಟಿಮೀಟರ್. ಗೆರೆಯೂ ಅಂಕಣದ ಭಾಗವೇ ಆದ್ದರಿಂದ ಚೆಂಡು ಅದರ ಅಂಚು ಸವರಿದರೂ ಒಳಗೆ. ನೆಟ್ ಮೇಲೆ ಕಣ್ಣಿಟ್ಟ ರೆಫರಿ ಇದನ್ನೆಲ್ಲ ಒಬ್ಬರೇ ಹೇಗೆ ಕಾಣಬೇಕು?

ಲೈನ್‌ಮನ್ ಕೆಲಸ ಕಷ್ಟದ್ದೇನಲ್ಲ, ಗಮನ ಬೇಕು ಅಷ್ಟೇ. ಒಳಗೆ ಬಿದ್ದರೆ ಬಾವುಟ ಕೆಳಗೆ, ಹೊರಗೆ ಬಿದ್ದರೆ ನೆಟ್ಟಗೆ ಮೇಲೆ. ಬ್ಲಾಕ್ ಮಾಡಿದವನ ಬೆರಳಿಗೆ ತಾಗಿ ಹೊರಗೆ ಹೋದರೆ ಬಾವುಟದ ತುದಿಯನ್ನು ಇನ್ನೊಂದು ಅಂಗೈಯಿಂದ ಮುಟ್ಟಿ ತೋರಿಸಬೇಕು. ಕಾಣಲಿಲ್ಲವೇ? ಅದಕ್ಕೂ ಸಂಜ್ಞೆ ಇದೆ: ಎರಡೂ ಕೈಗಳನ್ನು ಎದೆಯ ಮುಂದೆ ಅಡ್ಡ ಹಿಡಿಯಿರಿ. ಅದು ಪ್ರಾಮಾಣಿಕ ಉತ್ತರ, ರೆಫರಿಗೆ ತಕ್ಷಣ ದಾರಿ ತೋರಿಸುತ್ತದೆ. ಮುಖ ನೋಡಿ ಊಹಿಸಿ ಎತ್ತಿದ ಬಾವುಟ ಅವರದೇ ಅನುಮಾನವನ್ನು ಅವರಿಗೆ ಮರಳಿಸುತ್ತದೆ.

ರಗ್ಬಿಯಲ್ಲಿ ಸಹಾಯಕ ರೆಫರಿಗಳು ಹೇಗಿರುತ್ತಾರೆ ನೋಡಿ. ಗೋಲಿನ ಕಿಕ್ ಇದ್ದಾಗ ಇಬ್ಬರೂ ಕಂಬಗಳ ಹಿಂದೆ ನಿಂತು, ಚೆಂಡು ಸರಿಯಾಗಿ ದಾಟಿದರೆ ಬಾವುಟ ಎತ್ತುತ್ತಾರೆ. ರೆಫರಿಯ ಬೆನ್ನ ಹಿಂದೆ ಒರಟಾಟ ನಡೆದರೆ ಬಾವುಟವನ್ನು ಅಂಕಣದ ಕಡೆಗೆ ಅಡ್ಡ ಹಿಡಿದು, ಆಟ ನಿಂತಾಗ ಕಂಡದ್ದನ್ನು ತಿಳಿಸುತ್ತಾರೆ. ತೀರ್ಮಾನ ಮಾತ್ರ ರೆಫರಿಯದು. ನಮ್ಮ ವಾಲಿಬಾಲ್ ನಿಯಮವೂ ಇದನ್ನೇ ಬಯಸುತ್ತದೆ. ನೆಟ್‌ನ ಇನ್ನೊಂದು ಬದಿಯಲ್ಲಿ ನೆಲದ ಮೇಲೆ ನಿಲ್ಲುವ ಎರಡನೇ ರೆಫರಿ ತನ್ನ ವ್ಯಾಪ್ತಿಗೆ ಬಾರದ ತಪ್ಪನ್ನು ಸೀಟಿ ಊದದೆ ತೋರಿಸಬಹುದು, ಆದರೆ ಹಟ ಹಿಡಿಯುವಂತಿಲ್ಲ.

"ಹೇಗೂ ರೆಫರಿ ಲೈನ್‌ಮನ್ ತೀರ್ಪನ್ನು ಬದಲಿಸಬಹುದಲ್ಲ" ಎಂದು ಸಂಘಟಕರೊಬ್ಬರು ನನಗೇ ಹೇಳಿದರು. ಬದಲಿಸಬೇಕಾದರೆ ಮೊದಲು ತೀರ್ಪು ಇರಬೇಕಲ್ಲವೇ? ನಿನ್ನೆ ಅದೇ ಇರಲಿಲ್ಲ. ಆ ಹುಡುಗನ ಮೇಲೂ ನನಗೆ ಕೋಪವಿಲ್ಲ. ಪಂದ್ಯ ಶುರುವಾಗುವಾಗ ಜನರ ನಡುವಿನಿಂದ ಕರೆದು ಕೈಗೆ ಬಾವುಟ ಕೊಟ್ಟವರ ಮೇಲೆ ಇದೆ. ಬಹುಮಾನಕ್ಕೆ, ದೀಪಕ್ಕೆ, ಮೈಕಿಗೆ ಹಣ ಹೊಂದಿಸುವವರಿಗೆ ಲೈನ್‌ಮನ್‌ಗಳಿಗೆ ನಾಲ್ಕು ಸಂಜ್ಞೆ ಕಲಿಸಲು ಸಮಯ ಸಿಗುವುದಿಲ್ಲವೇ?

ಮುಂದಿನ ಪಂದ್ಯಾವಳಿ ಕಾರವಾರದಲ್ಲಾಗಲಿ, ಅಂಕೋಲೆಯಲ್ಲಾಗಲಿ, ಶಿರಸಿಯಲ್ಲಾಗಲಿ, ನನ್ನನ್ನು ಕರೆಯುವವರು ಲೈನ್‌ಮನ್‌ಗಳನ್ನು ಒಂದು ಗಂಟೆ ಮೊದಲೇ ಅಂಕಣಕ್ಕೆ ಕಳುಹಿಸಿ. ಕಲಿಸುವ ಹೊಣೆ ನನ್ನದು.