‘ಸವಿಯುವರು’ ಎಂದು ಬರೆಯುವಂತಿಲ್ಲ

ವಚನ ಸಾಹಿತ್ಯದ ಆನ್‌ಲೈನ್ ಕೋರ್ಸನ್ನು ಐದು ಘಟಕಗಳಾಗಿ ವಿಂಗಡಿಸಲು ನನಗೆ ಒಂದು ಸಂಜೆ ಸಾಕಾಯಿತು. ಆದರೆ ಪ್ರತಿ ಘಟಕದ ಕಲಿಕಾ ಉದ್ದೇಶಗಳ ಚೌಕ ತುಂಬುವುದರಲ್ಲಿ ಎರಡು ವಾರ ಕಳೆದವು. ‘ವಿದ್ಯಾರ್ಥಿಗಳು ವಚನದ ಸೊಗಸನ್ನು ಸವಿಯುವರು’ ಎಂದು ಬರೆದಿದ್ದೆ. ಸವಿಯುವುದನ್ನು ಅಳೆಯಲಾಗದೆಂದು ಕೋರ್ಸಿಗೆ ಒಪ್ಪಿಗೆ ಕೊಡುವ ಸಮಿತಿಯವರು ಕೆಂಪು ಗುರುತು ಹಾಕಿ ಹಿಂದಿರುಗಿಸಿದರು. ಅವರ ಅಳತೆಗೋಲಾದ, ಅಮೆರಿಕದ ಶಿಕ್ಷಣ ಮನೋವಿಜ್ಞಾನಿ ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು 1956ರಲ್ಲಿ ಪ್ರಕಟಿಸಿದ, 2001ರಲ್ಲಿ ಪರಿಷ್ಕೃತಗೊಂಡ ಕಲಿಕೆಯ ಆರು ಹಂತಗಳ (ಈಗ ‘ನೆನಪಿಡು’ವುದರಿಂದ ‘ಸೃಷ್ಟಿಸು’ವವರೆಗೆ) ವರ್ಗೀಕರಣದ ಬಗ್ಗೆ ನನಗೇನೂ ತಕರಾರಿಲ್ಲ; ಪಾಠಕ್ಕೂ ಪರೀಕ್ಷೆಗೂ ತಾಳೆಯಾಗುವಂತೆ ಯೋಚಿಸಲು ಅದು ನೆರವಾಗುತ್ತದೆ. ತಕರಾರಿರುವುದು, ಅದನ್ನು ಬರೀ ಕ್ರಿಯಾಪದಗಳ ಪಟ್ಟಿಯಾಗಿಸಿ, ಒಂದೊಂದು ಘಟಕದಲ್ಲೂ ಆರೂ ಹಂತಗಳು ಬರಲೇಬೇಕೆಂದು ಹಟ ಹಿಡಿಯುವವರ ಮೇಲೆ. ಅಲ್ಲಮನ ಒಗಟಿನಂಥ ಬೆಡಗಿನ ವಚನವೊಂದನ್ನು ಇಪ್ಪತ್ತು ನಿಮಿಷದ ವೀಡಿಯೊದಲ್ಲಿ ಕೇಳಿದ ಹುಡುಗ ಅದೇ ವಾರ ಏನನ್ನು ತಾನೇ ‘ಸೃಷ್ಟಿಸ’ಬೇಕು? ಕೊನೆಗೆ ‘ಸವಿಯುವರು’ ಅಳಿಸಿ ‘ಪಟ್ಟಿ ಮಾಡುವರು’ ಎಂದು ಬರೆದೆ. ಮರುದಿನವೇ ಒಪ್ಪಿಗೆ ಬಂತು.