ಹೆಬ್ಬೆರಳು ಎತ್ತಬೇಡಿ ಸ್ವಾಮಿ

ಖುಷಿಯಾದ ಕೂಡಲೇ ಹೆಬ್ಬೆರಳು ಎತ್ತಿ ತೋರಿಸಬೇಕು ಎಂದು ನಮ್ಮ ಜನಕ್ಕೆ ಕಲಿಸಿಕೊಟ್ಟ ಪುಣ್ಯಾತ್ಮ ಯಾರೋ, ಅವನನ್ನು ಹಿಡಿದು ತಂದು ಬೆಳಗಿನ ಆರು ಗಂಟೆಗೆ ಅಂಡಮಾನಿನ ಸ್ವರಾಜ್ ದ್ವೀಪದ ಸೊಂಟಮಟ್ಟದ ನೀರಿನಲ್ಲಿ ನನ್ನ ಪಕ್ಕ ನಿಲ್ಲಿಸಬೇಕು. ಹೆಚ್ಚೇನೂ ಬೇಡ, ಒಂದು ಬೆಳಗ್ಗೆ ಸಾಕು.

ಸ್ಕೂಬಾ ಡೈವಿಂಗ್‌ನಲ್ಲಿ, ಎಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದಲ್ಲಿ ಮುಳುಗುವಾಗ, ಹೆಬ್ಬೆರಳು ಮೇಲೆತ್ತಿದರೆ ‘ಭಾರಿ ಚೆನ್ನಾಗಿದೆ’ ಎಂದಲ್ಲ, ‘ನನ್ನನ್ನು ಮೇಲಕ್ಕೆ ಕರೆದುಕೊಂಡು ಹೋಗಿ’ ಎಂದು. ಬಾಯಲ್ಲಿ ಉಸಿರಾಟದ ರೆಗ್ಯುಲೇಟರ್ ಕಚ್ಚಿಕೊಂಡವರಿಗೆ ಬೇರೆ ಮಾತಿಲ್ಲ. ಆ ಸಂಜ್ಞೆ ಕಂಡ ಮೇಲೆ ತರಬೇತುದಾರ ‘ಯಾಕೆ, ಏನಾಯಿತು’ ಎಂದು ವಿಚಾರಣೆ ನಡೆಸುವಂತಿಲ್ಲ. ನಿಧಾನವಾಗಿ ಮೇಲೆ ಕರೆತರಬೇಕು, ಅಷ್ಟೇ. ಇದನ್ನು ದಡದಲ್ಲಿ ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಹೇಳುವ ಕೆಲಸ ನನ್ನದು. ಹೇಳಿ ಮುಗಿಸಿ, ‘ಅರ್ಥವಾಯಿತೇ?’ ಎಂದು ಕೇಳುತ್ತೇನೆ. ಎಲ್ಲರೂ ಹೆಬ್ಬೆರಳು ಎತ್ತುತ್ತಾರೆ.

ಹ್ಯಾವ್ಲಾಕ್‌ಗೆ 2018ರ ಡಿಸೆಂಬರ್‌ನಲ್ಲಿ ಸ್ವರಾಜ್ ದ್ವೀಪ ಎಂದು ಹೆಸರಿಟ್ಟರು. ಬರುವವರು ಈಗಲೂ ಹ್ಯಾವ್ಲಾಕ್ ಎಂದೇ ಕೇಳಿಕೊಂಡು ಬರುತ್ತಾರೆ. ನಾನು ಬೆಂಗಳೂರಿನ ಕಂಪ್ಯೂಟರ್ ಕೆಲಸ ಬಿಟ್ಟು ಇಲ್ಲಿನ ಡೈವಿಂಗ್ ಕೇಂದ್ರವೊಂದಕ್ಕೆ ಸೇರಿದಾಗ ಗೆಳೆಯರೆಲ್ಲ ಹೊಟ್ಟೆಕಿಚ್ಚುಪಟ್ಟರು. ಅವರ ಲೆಕ್ಕದಲ್ಲಿ ನಾನು ಬೆಳಗ್ಗೆ ಎದ್ದು ಆಮೆಗಳ ಜೊತೆ ಈಜಿ, ಮಧ್ಯಾಹ್ನ ಎಳನೀರು ಕುಡಿದು, ಸಂಜೆ ಮರಳಿನ ಮೇಲೆ ಮಲಗಿರುತ್ತೇನೆ. ಸಿಲಿಂಡರ್ ಹೊರುವವರು ಯಾರು ಎಂದು ಒಬ್ಬನೂ ಕೇಳಲಿಲ್ಲ. ಗಾಳಿ ತುಂಬಿದ ಒಂದೊಂದು ಸಿಲಿಂಡರ್ ಎಂದರೆ ಅರ್ಧ ಮೂಟೆ ಅಕ್ಕಿಗಿಂತ ಹೆಚ್ಚೇನೂ ಕಡಿಮೆಯಿಲ್ಲ. ಅದೂ ಮರಳಿನಲ್ಲಿ, ನಿದ್ದೆಗಣ್ಣಿನಲ್ಲಿ. ಗಡಿಯಾರ ಭಾರತದ್ದೇ ಆದರೂ ಸೂರ್ಯ ಇಲ್ಲಿ ಬೆಂಗಳೂರಿಗಿಂತ ಸುಮಾರು ಒಂದು ಗಂಟೆ ಮೊದಲೇ ಕೆಲಸಕ್ಕೆ ಹಾಜರಾಗುತ್ತಾನೆ. ಹಾಗೆಯೇ ಬೇಗ ಮನೆಗೂ ಹೋಗುತ್ತಾನೆ. ನವೆಂಬರ್‌ನಲ್ಲಿ ಸಂಜೆ ಐದೂವರೆಗೆ ಬಂದು ‘ರಾಧಾನಗರ ಬೀಚಿನಲ್ಲಿ ಸೂರ್ಯಾಸ್ತ ನೋಡಬೇಕಿತ್ತು, ಆಟೊ ಸಿಗುತ್ತದೆಯೇ?’ ಎನ್ನುವವರಿಗೆ ಟಾರ್ಚ್ ಕೊಟ್ಟು ಕಳಿಸಬೇಕಷ್ಟೇ.

ಸಿಲಿಂಡರ್ ಆದ ಮೇಲೆ ಅರ್ಜಿ. ಆಸ್ತಮಾ ಇದೆಯೇ, ಕಿವಿಗೆ ಶಸ್ತ್ರಚಿಕಿತ್ಸೆ ಆಗಿದೆಯೇ, ಹೃದಯದ ತೊಂದರೆ ಇದೆಯೇ ಎಂದು ಒಂದು ಹಾಳೆ ತುಂಬ ಪ್ರಶ್ನೆಗಳು. ನಮ್ಮವರು ಓದುವ ಮೊದಲೇ ಎಲ್ಲದಕ್ಕೂ ‘ಇಲ್ಲ’ ಎಂದು ಗೀಚಿ ಸಹಿ ಹಾಕುತ್ತಾರೆ. ಮೊನ್ನೆ ಒಬ್ಬರು ಕಿಸೆಯಿಂದ ಮಾತ್ರೆಯ ಪಟ್ಟಿ ತೆಗೆದು ನುಂಗುತ್ತಲೇ ರಕ್ತದೊತ್ತಡದ ಮುಂದೆ ‘ಇಲ್ಲ’ ಎಂದು ಬರೆದರು. ‘ಇದೇನು ಸಾರ್?’ ಎಂದೆ. ‘ಬಿಪಿಗೆ. ಆದರೆ ಮಾತ್ರೆ ತೆಗೆದುಕೊಂಡ ಮೇಲೆ ಬಿಪಿ ಎಲ್ಲಿದೆ?’ ಎಂದರು. ವೈದ್ಯರ ಚೀಟಿ ತಂದರೆ ಇಳಿಸುತ್ತೇವೆ ಎಂದದ್ದಕ್ಕೆ, ದುಡ್ಡು ಹೊಡೆಯುವ ಉಪಾಯ ಎಂದು ಹೆಂಡತಿಗೆ ಕೇಳಿಸುವಂತೆ ಗೊಣಗುತ್ತ ಹೋದರು. ದುಡ್ಡನ್ನು ನಾವು ವಾಪಸ್ ಕೊಟ್ಟಿದ್ದೆವು.

ಇನ್ನು ವೆಟ್‌ಸೂಟ್, ಮುಳುಗುವಾಗ ತೊಡುವ ಮೈಗಂಟುವ ರಬ್ಬರ್ ಉಡುಪು. ಅದರ ಜಿಪ್ ಬೆನ್ನಿಗೆ ಬರಬೇಕು. ಹತ್ತರಲ್ಲಿ ಆರು ಜನ ಮುಂದಕ್ಕೆ ಹಾಕಿಕೊಂಡು ಉಸಿರು ಬಿಗಿಹಿಡಿದು ಹೊರಗೆ ಬರುತ್ತಾರೆ. ಬಿಚ್ಚಿಸಿ ತಿರುಗಿಸಿ ಹಾಕಿಸುವಷ್ಟರಲ್ಲಿ ಇಬ್ಬರಿಗೂ ಸ್ನಾನವಾಗಿರುತ್ತದೆ. ಸಂಜೆ ಅವನ್ನೆಲ್ಲ ತೊಳೆಯುವುದೂ ನನ್ನ ಪಾಲಿಗೇ. ನೀರಿನೊಳಗೆ ತಾವು ಅದರಲ್ಲಿ ಏನೂ ಮಾಡಲಿಲ್ಲ ಎಂದು ಎಲ್ಲರೂ ಆಣೆ ಮಾಡುತ್ತಾರೆ. ಕೇಳದೆಯೇ ಆಣೆ ಮಾಡುವವರ ಸೂಟನ್ನು ನಾನು ಬೇರೆಯೇ ತೊಟ್ಟಿಗೆ ಹಾಕುತ್ತೇನೆ.

ಇದನ್ನೆಲ್ಲ ಸಹಿಸಬಹುದು. ಆದರೆ ಮೊನ್ನೆ ಬಂದ ಯಜಮಾನರು!

ನಮ್ಮ ಕಡೆಯವರೇ. ಕನ್ನಡ ಕೇಳಿದ್ದೇ ತಡ, ‘ನೀನು ಯಾವ ಊರಿನವನಪ್ಪ?’ ಎಂದು ಶುರು ಮಾಡಿ, ತಿಪಟೂರು ಎಂದ ಮೇಲೆ ಕೊಬ್ಬರಿಯ ಧಾರಣೆ ಮಾತಾಡಿ, ಸಮುದ್ರದ ವಿಷಯಕ್ಕೆ ಬರುವಷ್ಟರಲ್ಲಿ ನೀರು ಇಳಿಯತೊಡಗಿತ್ತು. ಅವರನ್ನು ಇಳಿಸುವ ತರಬೇತುದಾರ ಮಾಯಾಬಂದರ್ ಕಡೆಯ ಕರೆನ್ ಯುವಕ. 1925ರ ಸುಮಾರಿಗೆ ಬರ್ಮಾದಿಂದ ಬಂದು ಅಂಡಮಾನಿನಲ್ಲಿ ನೆಲೆನಿಂತ ಜನ ಅವರು. ನೀರಿನಲ್ಲಿ ಹುಟ್ಟಿದವನ ಹಾಗೆ ಇರುತ್ತಾನೆ, ಮಾತು ಕಡಿಮೆ. ದಡದಿಂದಲೇ ನಡೆದು ಇಳಿಯುವ ಜಾಗ. ನಾನು ಸೊಂಟಮಟ್ಟದ ನೀರಿನಲ್ಲಿ ತೇಲುಬುರುಡೆ ಹಿಡಿದು ನಿಂತೆ. ಇಬ್ಬರೂ ಮುಳುಗಿದರು. ಗುಳ್ಳೆಗಳು ಸ್ವಲ್ಪ ದೂರ ಹೋದವು. ಒಂದು ನಿಮಿಷವೂ ಆಗಿರಲಿಲ್ಲ, ಯಜಮಾನರ ತಲೆ ಮೇಲೆ ಬಂತು.

‘ಏನಾಯಿತು ಸಾರ್? ಕಿವಿ ನೋವೇ?’

‘ಇಲ್ಲವಲ್ಲ! ಬಹಳ ಚೆನ್ನಾಗಿದೆ ಎಂದು ತೋರಿಸಿದೆ, ಇವನು ಎಳೆದುಕೊಂಡು ಬಂದ!’

ಹೆಬ್ಬೆರಳಿನ ಪುರಾಣವನ್ನು ಮತ್ತೆ ಹೇಳಿದೆ. ‘ಓಹೋ, ಸರಿ ಸರಿ’ ಎಂದು ಹೆಬ್ಬೆರಳು ಎತ್ತಿ ಮುಳುಗಿದರು. ಮುಳುಗಿದ ಮೇಲೆ ಕ್ಯಾಮೆರಾ ಕಂಡಿತು; ಎದ್ದರು. ಮತ್ತೆ ಇಳಿದರು. ಕಿತ್ತಳೆ ಬಣ್ಣದ ಕೋಡಂಗಿ ಮೀನು ಕಂಡಿತು, ಎದ್ದರು. ಪ್ರತಿ ಸಲವೂ ನೀರಿನ ಮೇಲೆ ಎರಡು ತಲೆಗಳು, ಒಂದು ಸಿಟ್ಟಿನದು, ಒಂದು ಮೌನದ್ದು. ಸಿಟ್ಟಿನ ತಲೆ ನನ್ನ ಕಡೆ ತಿರುಗಿ, ‘ಈ ಹುಡುಗನಿಗೆ ಸ್ವಲ್ಪ ಹೇಳಪ್ಪ’ ಎನ್ನುತ್ತಿತ್ತು. ಮೌನದ ತಲೆ ನನ್ನನ್ನು ನೋಡುತ್ತಿತ್ತು ಅಷ್ಟೇ, ಅದು ಇನ್ನೂ ಕಷ್ಟ. ಹೀಗೆ ಹತ್ತಿ ಇಳಿದು ಮಾಡುವುದು ಕಿವಿಗೆ ಒಳ್ಳೆಯದಲ್ಲ. 10 ಮೀಟರ್ ಆಳಕ್ಕೆ ಹೋದರೆ ಮೈಮೇಲಿನ ಒತ್ತಡ ದಡದಲ್ಲಿರುವುದರ ಎರಡರಷ್ಟಾಗುತ್ತದೆ. ಇಳಿಯುವಾಗಲೆಲ್ಲ ಮೂಗು ಹಿಡಿದು ಊದಿ ಕಿವಿಯನ್ನು ಸಮಾಧಾನಪಡಿಸಬೇಕು. ಯಜಮಾನರ ಕಿವಿ ಗಟ್ಟಿ. ಯಾವ ಅರ್ಥದಲ್ಲಿ ನೋಡಿದರೂ.

ಕೊನೆಗೆ ನನಗೊಂದು ಉಪಾಯ ಹೊಳೆಯಿತು. ಎಲ್ಲ ಸರಿಯಾಗಿದೆ ಎನ್ನಲು ಹೆಬ್ಬೆರಳು, ತೋರುಬೆರಳು ಎರಡನ್ನೂ ಸೇರಿಸಿ ಸೊನ್ನೆ ಮಾಡಬೇಕು. ‘ಸಾರ್, ದಕ್ಷಿಣಾಮೂರ್ತಿಯ ಫೋಟೊ ನೋಡಿದ್ದೀರಲ್ಲ? ಚಿನ್ಮುದ್ರೆ. ಖುಷಿಯಾದರೆ ಅದನ್ನು ಹಿಡಿಯಿರಿ’ ಎಂದೆ. ಯಜಮಾನರ ಮುಖ ಅರಳಿತು. ‘ಇದನ್ನು ಮೊದಲೇ ಹೇಳಬಾರದೇ!’ ಎಂದವರು ಮುಳುಗಿದರು. ಆಮೇಲೆ ಮೇಲೆ ಬರಲೇ ಇಲ್ಲ.

ಗುಳ್ಳೆಗಳು ಮಾತ್ರ ಒಂದೇ ಜಾಗದಲ್ಲಿ ಏಳುತ್ತಿದ್ದವು, ಕ್ರಮವಾಗಿ, ಶಾಂತವಾಗಿ. ಅರ್ಧ ಗಂಟೆಯ ನಂತರ ಇಬ್ಬರೂ ಬಂದರು. ಯಜಮಾನರು ನನ್ನ ಬೆನ್ನು ತಟ್ಟಿ ಹೋದರು. ಕರೆನ್ ಹುಡುಗ ಸಿಲಿಂಡರ್ ಕಳಚುತ್ತ ಅಪರೂಪಕ್ಕೆ ಬಾಯಿ ತೆರೆದ. 5 ಮೀಟರ್ ಆಳದ ಮರಳಿನ ಮೇಲೆ ಅವರು ಚಕ್ಕಳಮಕ್ಕಳ ಹಾಕಿ ಕುಳಿತರಂತೆ. ಎರಡೂ ಮಂಡಿಯ ಮೇಲೆ ಚಿನ್ಮುದ್ರೆ. ಕಣ್ಣು ಮುಚ್ಚಿದ್ದರು. ಇವನು ಭುಜ ತಟ್ಟಿ, ಸರಿಯಿದ್ದೀರಾ ಎಂದು ಸಂಜ್ಞೆ ಮಾಡಿದಾಗಲೆಲ್ಲ ಒಂದು ಕಣ್ಣು ತೆರೆದು ಮುದ್ರೆಯನ್ನು ತುಸು ಮೇಲೆತ್ತಿ ಮತ್ತೆ ಮುಚ್ಚಿಕೊಳ್ಳುತ್ತಿದ್ದರು. ನಿಯಮದ ಪ್ರಕಾರ ಎಲ್ಲವೂ ಸರಿಯಾಗಿದೆ; ಎಬ್ಬಿಸುವುದಕ್ಕೆ ಕಾರಣವಿಲ್ಲ. ಗಿಳಿಮೀನು ಅವರ ಎದುರಿಗೇ ಹವಳವನ್ನು ಕಟಕಟ ಕಡಿಯುತ್ತಿತ್ತಂತೆ. ‘ತುಮ್ಹಾರೇ ಗಾಂವ್ ಮೇ ಸಬ್ ಐಸೇ ಹೈ ಕ್ಯಾ?’ (ನಿಮ್ಮೂರಲ್ಲಿ ಎಲ್ಲರೂ ಹೀಗೆಯೇ?) ಎಂದು ಕೇಳಿದ. ನಾನು ಕೊಬ್ಬರಿಯ ವಿಷಯ ತೆಗೆದೆ.

ಆ ರಾತ್ರಿ ಅಪ್ಪನಿಗೆ ಒಂದು ಫೋಟೊ ಕಳಿಸಿದೆ. ಉತ್ತರವಾಗಿ ಹಳದಿ ಹೆಬ್ಬೆರಳು ಬಂತು. ಅಪ್ಪ ವಾಟ್ಸಾಪ್‌ನಲ್ಲಿ ಬೇರೇನನ್ನೂ ಕಳಿಸಿದವರಲ್ಲ. ಕೆಲಸ ಬಿಡುತ್ತೇನೆ ಎಂದಾಗ ಹೆಬ್ಬೆರಳು, ಅಂಡಮಾನಿಗೆ ಹೊರಟೆ ಎಂದಾಗ ಹೆಬ್ಬೆರಳು, ಹವಾಮಾನ ಕೆಟ್ಟು ಹಡಗು ನಿಂತಿದೆ, ಅಂಗಡಿಯಲ್ಲಿ ತರಕಾರಿ ಇಲ್ಲ ಎಂದಾಗಲೂ ಹೆಬ್ಬೆರಳು. ಇಷ್ಟು ದಿನ ಅದನ್ನು ಒಪ್ಪಿಗೆ ಎಂದೇ ತಿಳಿದು ಧೈರ್ಯವಾಗಿದ್ದೆ. ಈ ಕೆಲಸಕ್ಕೆ ಸೇರಿದ ಮೇಲೆ ತಲೆಯಲ್ಲಿ ಹುಳ ಹೊಕ್ಕಿದೆ. ಅವರು ಅಷ್ಟು ದಿನದಿಂದಲೂ ‘ಸಾಕು, ಮೇಲೆ ಬಾ’ ಎನ್ನುತ್ತಿದ್ದಾರೆಯೇ? ಕೇಳೋಣವೆಂದು ಫೋನ್ ಮಾಡಿದರೆ, ‘ಇರು, ಅಮ್ಮನಿಗೆ ಕೊಡುತ್ತೇನೆ’ ಎಂದರು. ಅಮ್ಮ ಕರಿಬೇವು ಸಿಗುತ್ತದೆಯೇ ಎಂದು ಕೇಳಿದಳು.

ಇವತ್ತು ಬೆಳಗ್ಗೆ ಯಜಮಾನರ ವಿಮರ್ಶೆ ಬಂದಿದೆ. ಐದರಲ್ಲಿ ಎರಡು ನಕ್ಷತ್ರ. ‘ನೀರು ಪ್ರಶಾಂತವಾಗಿದೆ. ಕನ್ನಡದ ಹುಡುಗ ಒಳ್ಳೆಯವನು. ಆದರೆ ಇಷ್ಟು ದುಡ್ಡು ತೆಗೆದುಕೊಂಡು ಮೀನು ಮಾತ್ರ ತೋರಿಸಲಿಲ್ಲ.’ ಪಕ್ಕದಲ್ಲಿ ಕಣ್ಣು ಮುಚ್ಚಿ ಕುಳಿತ ಅವರದೇ ಚಿತ್ರ. ಹಿಂದೆ ಮೀನುಗಳ ದೊಡ್ಡ ಹಿಂಡೇ ಹಾದುಹೋಗುತ್ತಿದೆ.

ಕನ್ನಡದಲ್ಲೇ ವಿನಯವಾಗಿ ಉತ್ತರ ಬರೆ ಎಂದು ಮಾಲೀಕರು ನನಗೇ ಒಪ್ಪಿಸಿದ್ದಾರೆ. ‘ಮಾನ್ಯರೇ’ ಎಂದು ಬರೆದಿದ್ದೇನೆ. ಹೊರಗೆ ಹನ್ನೆರಡು ಜನರ ತಂಡ ಬಂದು ಇಳಿದಿದೆ, ಒಬ್ಬರು ಆಗಲೇ ವೆಟ್‌ಸೂಟನ್ನು ಹಿಂದುಮುಂದಾಗಿ ಏರಿಸುತ್ತಿದ್ದಾರೆ. ಉಳಿದದ್ದನ್ನು ಮಧ್ಯಾಹ್ನ ನೋಡಬೇಕು.