90 ವರ್ಷಕ್ಕೊಮ್ಮೆ ಬರುವ ಮಳೆ, ಎರಡು ವರ್ಷಕ್ಕೊಮ್ಮೆ

ಹಸ್ತ ಮಳೆ ಹುಟ್ಟುವ ಹಿಂದಿನ ದಿನ ಊರಿಂದ ಅಪ್ಪನ ಫೋನ್ ಬರುತ್ತದೆ. ಪ್ರತಿ ವರ್ಷವೂ ಅದೇ ಮಾತು.

"ನಾಳೆ ಹಸ್ತ ಹುಟ್ಟುತ್ತೆ ಕಣೋ. ಗಾಡಿ ಎತ್ತರದಲ್ಲಿ ನಿಲ್ಲಿಸು. ಅಕ್ಕಿ ಮೂಟೆ ಮೇಲೆತ್ತಿಡು."

ಅಪ್ಪನ ಹತ್ತಿರ ರೇಡಾರ್ ಇಲ್ಲ, ಆ್ಯಪ್ ಇಲ್ಲ. ಅಡುಗೆಮನೆ ಬಾಗಿಲ ಹಿಂದೆ ಮೊಳೆಗೆ ತೂಗುಹಾಕಿದ ಕ್ಯಾಲೆಂಡರ್ ಇದೆ. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಎಮ್ಮೆ ಗಬ್ಬವಾದ ದಿನ ಎಲ್ಲ ಅದರಲ್ಲೇ. ಯಾವ ಮಳೆ ಯಾವತ್ತು ಹುಟ್ಟುತ್ತದೆ ಅಂತಲೂ ಅಚ್ಚಾಗಿದೆ. ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ. ಆಗಸ್ಟ್ ಕೊನೆಯಿಂದ ನವೆಂಬರ್ ಮೊದಲ ವಾರದವರೆಗೆ ಸಾಲಾಗಿ ನಿಂತಿವೆ, ರೇಷನ್ ಅಂಗಡಿ ಮುಂದೆ ನಿಂತ ಹಾಗೆ.

ಇಷ್ಟು ವಿಷಯ ಗೊತ್ತಿಲ್ಲದವರು ಬೆಂಗಳೂರನ್ನು ನಡೆಸುವವರು ಮಾತ್ರ. ಅವರಿಗೆ ಈ ಮಳೆ ಪ್ರತಿ ಸಲವೂ ಹೊಸ ನೆಂಟ. "ಅನಿರೀಕ್ಷಿತ", "ಹಿಂದೆಂದೂ ಕಾಣದ", "ದಾಖಲೆ ಮಳೆ". ಈ ಮೂರು ಪದ ಇಲ್ಲದ ಹೇಳಿಕೆ ಸೆಪ್ಟೆಂಬರ್‌ನಲ್ಲಿ ಹೊರಗೆ ಬರುವುದೇ ಇಲ್ಲ.

ಬೆಂಗಳೂರಿಗೆ ವರ್ಷದಲ್ಲಿ ಎಲ್ಲಕ್ಕಿಂತ ಜಾಸ್ತಿ ಮಳೆ ಬೀಳುವ ತಿಂಗಳೇ ಸೆಪ್ಟೆಂಬರ್. ಅದರ ಬೆನ್ನಿಗೇ ಅಕ್ಟೋಬರ್. ಇದೇನು ಗುಟ್ಟಲ್ಲ. 1988ರ ಸೆಪ್ಟೆಂಬರ್ 12ರ ದಾಖಲೆ ನೋಡಿ, ಒಂದೇ ದಿನಕ್ಕೆ 177.6 ಮಿ.ಮೀ. 1997ರ ಅಕ್ಟೋಬರ್ 1ಕ್ಕೆ 178.9. ಇನ್ನು 2005ರ ಅಕ್ಟೋಬರ್‌ನಲ್ಲಿ ಇಡೀ ತಿಂಗಳ ಮಳೆ 600 ಮಿ.ಮೀ. ದಾಟಿತು. ಈ ಊರಿಗೆ ವರ್ಷವಿಡೀ ಬೀಳುವ ಮಳೆಯ ಅರ್ಧಕ್ಕಿಂತ ಜಾಸ್ತಿ!

ಈಗ 2022ಕ್ಕೆ ಬನ್ನಿ. ಸೆಪ್ಟೆಂಬರ್ 4ರ ರಾತ್ರಿ ಸುರಿದ ಮಳೆಗೆ ಬೆಳಿಗ್ಗೆ ಸಿಕ್ಕ ಲೆಕ್ಕ 131.6 ಮಿ.ಮೀ. ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆ ಎಲ್ಲ ನೀರು. ಕೋಟಿ ಕೋಟಿ ಬೆಲೆಯ ವಿಲ್ಲಾಗಳಿಂದ ಜನ ದೋಣಿಯಲ್ಲಿ ಹೊರಗೆ ಬಂದರು. 90 ವರ್ಷದಲ್ಲಿ ಇಂಥ ಮಳೆ ಬಂದಿರಲಿಲ್ಲ ಅಂದರು ಆಗಿನ ಮುಖ್ಯಮಂತ್ರಿ. ಆ ವರ್ಷ ಮಳೆ ಜಾಸ್ತಿಯೇ ಬಂತು, ಸುಳ್ಳಲ್ಲ. ಆದರೆ ಒಂದು ದಿನದ ಲೆಕ್ಕ ಹಿಡಿದರೆ 1988ರ ಮಳೆ ಇದಕ್ಕಿಂತ 46 ಮಿ.ಮೀ. ದೊಡ್ಡದು. ಆ ವರ್ಷ ಹುಟ್ಟಿದ ಮಗುವಿಗೆ 2022ರಲ್ಲಿ 34 ವರ್ಷ. ಅದು ಹೊರವರ್ತುಲ ರಸ್ತೆಯಲ್ಲಿ ಟ್ರ್ಯಾಕ್ಟರ್ ಮೇಲೆ ಲ್ಯಾಪ್‌ಟಾಪ್ ಚೀಲ ತಬ್ಬಿಕೊಂಡು ಆಫೀಸಿಗೆ ಹೋಗುತ್ತಿತ್ತು.

ಆ ವಾರದ ಇನ್ನೊಂದು ತಮಾಷೆ ಮರೆಯಬಾರದು. ಕಾವೇರಿ ನೀರನ್ನು ಬೆಂಗಳೂರಿಗೆ ಏರಿಸುವ ತೊರೆಕಾಡನಹಳ್ಳಿಯ ಪಂಪ್‌ಹೌಸಿಗೇ ನೀರು ನುಗ್ಗಿತು. ಪಂಪ್ ನಿಂತವು. ಮನೆಯೊಳಗೆ ಮಂಡಿಯುದ್ದ ನೀರು, ನಲ್ಲಿ ತಿರುಗಿಸಿದರೆ ಬರೀ ಗಾಳಿ. ಮುಳುಗಿದ ಊರಿಗೆ ಟ್ಯಾಂಕರ್ ತರಿಸಿಕೊಳ್ಳುವ ಯೋಗ ಬೇರೆ ಯಾರಿಗುಂಟು?

ಈ ಊರಿಗೆ ಹೇಳಿಕೊಳ್ಳುವಂಥ ನದಿ ಇಲ್ಲ, ಅದಕ್ಕೇ ಹಿಂದಿನವರು ಕೆರೆ ಕಟ್ಟಿದರು. ಮೇಲಿನ ಕೆರೆ ತುಂಬಿದರೆ ಕೋಡಿ ಬಿದ್ದು, ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ. ಬೆಳ್ಳಂದೂರಿನಿಂದ ವರ್ತೂರು, ಅಲ್ಲಿಂದ ದಕ್ಷಿಣ ಪಿನಾಕಿನಿ. ನಾವು ಧರ್ಮಾಂಬುಧಿ ಕೆರೆಯನ್ನು ಮೆಜೆಸ್ಟಿಕ್ ಬಸ್ ನಿಲ್ದಾಣ ಮಾಡಿದೆವು. ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ನೀರಿಗೆ ಬಸ್ ಹತ್ತಲು ಬರುವುದಿಲ್ಲ, ಓಟದ ಸ್ಪರ್ಧೆಗೆ ಹೆಸರು ಕೊಡಲೂ ಬರುವುದಿಲ್ಲ. ಸುಮ್ನೆ ಅಲ್ಲೇ ನಿಲ್ಲುತ್ತದೆ.

ಉಳಿದ ಕಾಲುವೆಗಳ ಹೂಳೆತ್ತುವುದನ್ನೂ ನೋಡಿದ್ದೇನೆ. ಜೆಸಿಬಿ ಬರುತ್ತದೆ. ಹೂಳನ್ನು ಎತ್ತಿ ದಡದ ಮೇಲೆ ಗುಡ್ಡೆ ಹಾಕುತ್ತದೆ. ಫೋಟೋ ಆಗುತ್ತದೆ. ಮೊದಲ ಮಳೆಗೆ ಗುಡ್ಡೆ ಕರಗಿ ಮತ್ತೆ ಕಾಲುವೆಗೆ ಇಳಿಯುತ್ತದೆ. ಎತ್ತಿದ್ದಕ್ಕೆ ಒಂದು ಬಿಲ್, ಇಳಿದದ್ದನ್ನು ಎತ್ತುವುದಕ್ಕೆ ಮುಂದಿನ ವರ್ಷ ಇನ್ನೊಂದು. ಹೂಳು ಮಾತ್ರ ಅದೇ.

2023ರಲ್ಲಿ ಮಳೆ ಕೈಕೊಟ್ಟಿತು. ಸೆಪ್ಟೆಂಬರ್‌ನಲ್ಲೇ 195 ತಾಲ್ಲೂಕು ಬರಪೀಡಿತ ಅಂತ ಘೋಷಣೆಯಾಯಿತು. ಅದೂ ಅನಿರೀಕ್ಷಿತವೇ ಅನ್ನಿ. 2024ರ ಮಾರ್ಚ್ ಹೊತ್ತಿಗೆ ಬೆಂಗಳೂರಿನ ಬೋರ್‌ವೆಲ್‌ಗಳು ಕೆಮ್ಮತೊಡಗಿದವು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂದರು. ಏಳು ತಿಂಗಳಿಗೆ ಚಿತ್ತೆ ಬಂತು. "ಕುರುಡು ಚಿತ್ತೆ ಕಣೋ, ಎರಚಿದ ಕಡೆ ಎರಚುತ್ತೆ" ಅಂತ ಅಪ್ಪ ಅಂದಿದ್ದರು. ಅದು ಯಲಹಂಕದ ಮೇಲೆ ಎರಚಿತು. ಅಲ್ಲಿನ ಕೇಂದ್ರೀಯ ವಿಹಾರದ ಜನರನ್ನು ದೋಣಿಯಲ್ಲಿ ಹೊರಗೆ ತಂದರು. ಕಾರುಗಳೆಲ್ಲ ನೀರಲ್ಲಿ ನಿಂತು ತಾವೇ ತೊಳೆದುಕೊಂಡವು. ದಂಡದ ರಸೀದಿ ಯಾರ ಹೆಸರಿಗೆ ಹರಿಯಬೇಕೋ ಗೊತ್ತಾಗಲಿಲ್ಲ. ಇದೇ ಅಪಾರ್ಟ್‌ಮೆಂಟಿಗೆ 2021ರ ನವೆಂಬರ್‌ನಲ್ಲೂ ದೋಣಿ ಬಂದಿತ್ತು. ಆಗಲೂ ಅದು ಹಿಂದೆಂದೂ ಕಾಣದ ಮಳೆಯೇ.

ಎಲ್ಲ ಹಸ್ತ ಮಳೆಗೂ ನಗು ಬರುವುದಿಲ್ಲ. 2009ರ ಸೆಪ್ಟೆಂಬರ್ ಕೊನೆಗೆ ಶುರುವಾಗಿ ಅಕ್ಟೋಬರ್ ಮೊದಲ ದಿನಗಳವರೆಗೆ ಸುರಿದದ್ದೂ ಹಸ್ತವೇ. ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಹೋದರು. ಬರಕ್ಕೆ ಒಗ್ಗಿದ್ದ ಊರುಗಳ ಮಣ್ಣಿನ ಮನೆಗಳು ನೆನೆದು ಕೂತುಬಿಟ್ಟವು. ಅದರ ಬಗ್ಗೆ ಇಷ್ಟು ಸಾಕು.

ನನ್ನದು ಕೆಳಗಿನ ಮನೆ, ತಗ್ಗು ರಸ್ತೆ. ಹಾಲ್‌ನ ಗೋಡೆಯಲ್ಲಿ ಮಗಳ ಎತ್ತರಕ್ಕೆ ಗೆರೆ ಹಾಕುತ್ತೇವೆ, ಪಕ್ಕದಲ್ಲೇ ನೀರಿಗೂ. 2024ರ ಮಳೆಯಾದ ಎರಡು ದಿನಕ್ಕೆ ಒಬ್ಬರು ರಿಜಿಸ್ಟರ್ ಹಿಡಿದು ಬಂದರು. ಬಾಗಿಲ ಹೊರಗೆ ಒಣಗಿದ ಕಲ್ಲೊಂದನ್ನು ಹುಡುಕಿ ಅದರ ಮೇಲೆ ನಿಂತರು.

"ಎಷ್ಟು ನೀರು ಬಂದಿತ್ತು ಸಾರ್?"

"ಮಂಡಿ ತನಕ."

"ಮಂಡಿ ಅಂತ ಬರೆಯೋಕಾಗಲ್ಲ. ಅಡಿಯಲ್ಲಿ ಹೇಳಿ."

ಗೋಡೆ ತೋರಿಸಿದೆ. ಕತ್ತು ಚಾಚಿ ನೋಡಿದರು.

"ಇದು ಮಗು ಎತ್ತರನಾ?"

"ಅಲ್ಲ, ಅದು 2017ರ ನೀರು. ಅದರ ಮೇಲಿಂದು 2022. ಮಗಳದ್ದು ಕೆಂಪು ಗೆರೆ."

"ಹಾಗಾದ್ರೆ ಇದು ಮೂರನೇ ಸಲ?"

"ಹೌದು ಸಾರ್."

ಪಾಪ, ಬೇಜಾರು ಮಾಡಿಕೊಂಡರು. ಪೆನ್ನು ಝಾಡಿಸಿ ಬರೆದುಕೊಂಡರು. ಬಗ್ಗಿ ನೋಡಿದೆ. ಕಾರಣ ಅನ್ನುವ ಕಾಲಂನಲ್ಲಿ ದುಂಡಗೆ ಬರೆದಿದ್ದರು: "ಅನಿರೀಕ್ಷಿತ ಮಳೆ".

ಈಗ ಬಿಬಿಎಂಪಿ ಇಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಾದವು. ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ಕಾಲ ನೋಡಿ, ಹುಬ್ಬೆ ಮಳೆಯಲ್ಲೇ ಗೃಹಪ್ರವೇಶ. ಇನ್ನು ಮೇಲಿನ ಕೆರೆ ಒಂದು ಪಾಲಿಕೆಗೆ, ಕೆಳಗಿನದು ಇನ್ನೊಂದಕ್ಕೆ ಸೇರಿದರೆ ಕೋಡಿ ನೀರು ಗಡಿ ದಾಟುವಾಗ ಎನ್‌ಒಸಿ ಕೇಳಿದರೂ ಕೇಳಿಯಾರು. ಮೊದಲು ಒಂದೇ ಕಡೆ "ನಮಗೆ ಬರಲ್ಲ" ಅನ್ನಿಸಿಕೊಳ್ಳುತ್ತಿದ್ದೆವು, ಇನ್ನು ಐದು ಕಡೆ.

ಮೊನ್ನೆ ದೀಪಾವಳಿಗೆ ಮೊದಲು ಸುಣ್ಣಬಣ್ಣ ಮಾಡಿಸೋಣ ಅಂತ ಪೇಂಟರ್ ಕರೆಸಿದೆ. ಗೋಡೆಗಳನ್ನೆಲ್ಲ ತಟ್ಟಿ ನೋಡಿದ. ಹಾಲ್‌ಗೆ ಬಂದವನು ಗೆರೆಗಳ ಮುಂದೆ ಕುಕ್ಕರಗಾಲಲ್ಲಿ ಕೂತ. ವರ್ಷಗಳನ್ನು ಒಂದೊಂದಾಗಿ ಓದಿದ. ಆಮೇಲೆ 2024ರ ಗೆರೆಯ ಮೇಲೆ ಬೆರಳಿಟ್ಟ.

"ಸಾರ್, ಇದರ ಮೇಲಕ್ಕೆ ಒಳ್ಳೆ ಎಮಲ್ಷನ್ ಹೊಡೀತೀನಿ. ಕೆಳಕ್ಕೆ ಬೇಡ ಬಿಡಿ, ಸುಮ್ನೆ ದುಡ್ಡು ದಂಡ. ಬಾತ್‌ರೂಮ್ ಟೈಲ್ಸ್ ಹಾಕಿಸಿಬಿಡಿ."